ಎಷ್ಟನೇ ಜ್ವರ?

“ಇದೂ ಒಂದು ಚಳಿನಾ?”

ವರ್ಷ ತುಂಬಿದ ಮೇಲೆ ಕಣ್ಣಿಗೆ ಬಿದ್ದ ಮನುಷ್ಯ ಆಡಿದ ಮೊದಲ ಮಾತು ಇದು. ರೇಷ್ಮೆ ಹುಳುಮನೆಯ ಕಿಟಕಿಗೆ ಗೋಣಿಚೀಲ ಕಟ್ಟುತ್ತಿದ್ದ ತನುಜಳ ಕೈ ಅರ್ಧದಲ್ಲೇ ನಿಂತಿತು. ಆ ದನಿ ಯಾರದೆಂದು ತಿಳಿಯಲು ಅವಳು ತಿರುಗಬೇಕಾಗಿರಲಿಲ್ಲ. ಆದರೂ ತಿರುಗಿದಳು. ಕೋಪವನ್ನು ಕಿಟಕಿಗೆ ತೋರಿಸಿ ಪ್ರಯೋಜನವೇನು?

ಹಿಪ್ಪುನೇರಳೆ ತೋಟದ ಬದಿಯ ದಾರಿಯಲ್ಲಿ, ಮೊಣಕಾಲೆತ್ತರದ ಮಂಜಿನ ನಡುವೆ, ವೇಣು ನಿಂತಿದ್ದ. ಮೈಮೇಲೆ ಅರ್ಧ ತೋಳಿನ ಷರ್ಟು. ದಪ್ಪನೆಯ ಉಣ್ಣೆ ಕೋಟನ್ನು ಬೇಕೆಂದೇ ಹೆಗಲ ಮೇಲೆ ಎಸೆದುಕೊಂಡಿದ್ದ. ಮನಾಲಿಯ ಮೇಲುರಸ್ತೆಗಳಲ್ಲಿ ಜೆಸಿಬಿ ಓಡಿಸಿ ಹಿಮ ತಳ್ಳುವವನಿಗೆ ಶಿಡ್ಲಘಟ್ಟದ ಜನವರಿಯೆಂದರೆ ಬೇಸಿಗೆಯಂತೆ! ಮುಖದಲ್ಲಿ ಅದೇ ಹಳೆಯ ನಗು. ಎಡಗೆನ್ನೆಯಲ್ಲಿ ಮಾತ್ರ ಬೀಳುವ ಗುಳಿ. ಆ ಗುಳಿಯ ಮೇಲೆ ತನುಜಳಿಗೆ ಈಗ ವಿಶೇಷವಾದ ಸಿಟ್ಟು ಬಂದಿತು.

“ಬನ್ನಿ ವೇಣುಗೋಪಾಲ್ ಅವರೇ,” ಎಂದಳು.

ಗುಳಿ ಮಾಯವಾಯಿತು. ತನುಜಳ ತಾಯಿ ಮುನಿಗಂಗಮ್ಮ, ವೇಣುವಿನ ತಂದೆಗೆ ಒಡಹುಟ್ಟಿದ ತಂಗಿ. ಮಾತು ಬಂದಂದಿನಿಂದ ತನುಜ ಅವನನ್ನು ಕರೆದದ್ದು ‘ಬಾವ’ ಎಂದೇ. ಜಗಳವಾಡುವಾಗಲೂ ಬಾವ, ಕಲ್ಲೆಸೆಯುವಾಗಲೂ ಬಾವ.

“ಇದೇನು ತನೂ, ಬ್ಯಾಂಕ್ ಮ್ಯಾನೇಜರನ್ನ ಕರೆದಂಗೆ ಕರೀತೀಯಾ?”

“ದೊಡ್ಡ ಚಳಿ ಕಂಡು ಬಂದೋರು ನೀವು. ನಮ್ಮಂಥ ಸಣ್ಣ ಚಳಿಯವರು ಮರ್ಯಾದೆ ಕೊಡಬೇಡವಾ?”

ಈ ಸೀಮೆಯ ಚಳಿಯನ್ನು ಹಗುರವಾಗಿ ಕಾಣುವವರನ್ನು ಅವಳು ಸಹಿಸಳು. ಬೆಂಗಳೂರಿನವರು ಸ್ಕಂದಗಿರಿ ಹತ್ತಿ, ಮೋಡದ ಫೋಟೋ ತೆಗೆದು, ‘ಸೂಪರ್ ವೆದರ್’ ಎಂದು ಕೊಂಡಾಡಿ ಇಳಿದು ಹೋಗುತ್ತಾರೆ. ಆ ಸೂಪರ್ ವೆದರಿನಲ್ಲಿ ಒಂದು ಬೆಳೆ ರೇಷ್ಮೆಹುಳು ಸಾಕಿ ನೋಡಲಿ! ಬೆಳಗಿನಲ್ಲಿ ಚಳಿ ನುಗ್ಗದಂತೆ ಕಿಟಕಿಗೆ ಒಣ ಗೋಣಿ ಕಟ್ಟಬೇಕು, ಒಳಗೆ ಇದ್ದಿಲ ಕೆಂಡ ಇಡಬೇಕು. ಬಿಸಿಲೇರಿದೊಡನೆ ಕೆಂಡ ಹೊರಗೆ. ಅದೇ ಗೋಣಿಯನ್ನು ನೀರಿನಲ್ಲಿ ಅದ್ದಿ, ಈಗ ಬಿಸಿ ನುಗ್ಗದಂತೆ ಅದೇ ಕಿಟಕಿಗೆ ಕಟ್ಟಬೇಕು. ಒಂದೇ ಗೋಣಿ, ಒಂದೇ ಹಗಲು, ಎರಡು ಶತ್ರುಗಳು.

“ನಿಮ್ಮ ಮನಾಲಿ ಚಳಿ ವಾಸಿ,” ಎಂದಳು. “ಕೊಟ್ಟ ಮಾತಿಗೆ ನಿಲ್ಲುತ್ತೆ. ಬೆಳಿಗ್ಗೇನೂ ಚಳಿ, ಮಧ್ಯಾಹ್ನಾನೂ ಚಳಿ. ಇಲ್ಲೀದು ಬೆಳಿಗ್ಗೆ ಒಂದು ಹೇಳುತ್ತೆ, ಮಧ್ಯಾಹ್ನ ಇನ್ನೊಂದು ಮಾಡುತ್ತೆ. ಕೆಲವು ಗಂಡಸರ ಥರ.”

“ನನ್ನೇ ತಾನೆ ಅಂದಿದ್ದು?”

“ಅರ್ಥ ಆಯ್ತಲ್ಲ, ಸಂತೋಷ.”

ವೇಣು ಕೋಟನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಾಯಿಸಿದ. “ಗೌರಿಬಿದನೂರಿನೋರು ಬರ್ತಾರಂತೆ ಇವತ್ತು? ಚಿಂತಾಮಣೀಲಿ ಅಮ್ಮ ಹೇಳಿದ್ಲು.”

“ಬರ್ತಾರೆ. ಹೊರಡೋ ಮುಂಚೆ ಫೋನ್ ಮಾಡ್ತಾರೆ. ನಾನು ಹೂಂ ಅಂದ್ರೆ ಎಲೆ ಅಡಿಕೆ ಬದಲಾಯಿಸ್ಕೊಂಡು ಹೋಗ್ತಾರೆ.”

“ಹೂಂ ಅಂತೀಯಾ?”

“ಯಾಕೆ ಅನ್ನಬಾರದು? ತಾಲೂಕು ಆಫೀಸಲ್ಲಿ ಕೆಲಸ. ದಿನಾ ಸಂಜೆ ಮನೆಗೆ ಬರೋ ಮನುಷ್ಯ.”

ಆ ಮಾತು ನಾಟಬೇಕಾದಲ್ಲಿ ನಾಟಿತು. ವೇಣು ನೆಲ ನೋಡಿದ. ಬಳಿಕ ಮೆಲ್ಲನೆ ಬಾಗಿಲತ್ತ ಒಂದು ಹೆಜ್ಜೆ ಇಟ್ಟ. “ಒಳಗೆ ಬಂದು ಅತ್ತೇನ ಮಾತಾಡಿಸ್ಲಾ?”

“ಬೇಡ. ಹುಳ ಜ್ವರದಲ್ಲಿವೆ.”

ಈ ಸೀಮೆಯಲ್ಲಿ ಹುಟ್ಟಿದವನ ನಾಲಗೆ, ಯೋಚಿಸದೆಯೇ, ಆಡಬೇಕಾದುದನ್ನು ಆಡಿತು. “ಎಷ್ಟನೇ ಜ್ವರ?”

ಹುಳುಗಳು ಪೊರೆ ಬಿಡುವ ಮುನ್ನ ಸೊಪ್ಪು ತೊರೆದು, ತಲೆಯೆತ್ತಿ, ತಪಸ್ಸಿಗೆ ಕುಳಿತಂತೆ ನಿಶ್ಚಲವಾಗುವುದನ್ನು ಇಲ್ಲಿಯವರು ಜ್ವರವೆನ್ನುತ್ತಾರೆ. ಅಂತಹ ನಾಲ್ಕು ಜ್ವರಗಳನ್ನು ದಾಟಿದ ಮೇಲೆಯೇ ಹುಳು ಗೂಡು ಕಟ್ಟುವುದು. ಈ ಊರುಗಳಲ್ಲಿ ಯಾರೂ ಯಾರನ್ನೂ ಕೇಳಬಹುದಾದ ಪ್ರಶ್ನೆ ಅದು. ತನುಜ ಮಾತ್ರ ಬೆಂಕಿ ಮೆಟ್ಟಿದವಳಂತೆ ಸಿಡಿದಳು.

“ಇನ್ನೊಂದು ಸಲ ಆ ಮಾತಾಡಿದ್ರೆ ಚೆನ್ನಾಗಿರಲ್ಲ! ದೀಪಾವಳಿ ಆದ್ಮೇಲೆ ಫೋನ್ ಮಾಡಿದಾಗ್ಲೂ ಇದನ್ನೇ ತಾನೆ ಕೇಳಿದ್ದು? ‘ಮನೇಲಿ ಜ್ವರ ಕಣಪ್ಪ’ ಅಂತ ಅಮ್ಮ ಅಂದ್ರೆ, ‘ಎಷ್ಟನೇ ಜ್ವರ ಅತ್ತೆ? ಮುಟ್ಟೋಕೆ ಹೋಗ್ಬೇಡಿ, ಎದ್ದ ಮೇಲೆ ಎಳೆ ಸೊಪ್ಪು ಹಾಕಿ’ ಅಂತ ನಕ್ಕೊಂಡು ಫೋನ್ ಇಟ್ರಲ್ಲ, ಮರೆತುಹೋಯ್ತಾ?”

“ಇಡ್ಲಿಲ್ಲ ಕಣೇ, ಲೈನ್ ಹೋಯ್ತು. ಮಾರನೇ ದಿನ ಮೇಲಕ್ಕೆ ಕಳ್ಸಿದ್ರು. ಅಲ್ಲಿ ಟವರ್ರೇ ಇಲ್ಲ. ಅದ್ಸರಿ, ಆ ಬೆಳೆ ಹೋಗ್ಬಿಡ್ತಾ?”

“ಯಾವ ಬೆಳೆ? ಆಗ ಮನೇಲಿ ಒಂದು ಹುಳಾನೂ ಇರ್ಲಿಲ್ಲ!”

ವೇಣುವಿನ ಮುಖದ ಬಣ್ಣ ಇಳಿಯುತ್ತ ಹೋದುದನ್ನು ತನುಜ ಕಂಡಳು. ಕಂಡು, ಕರಗಕೂಡದೆಂದು ಗೋಣಿಯ ಹುರಿಯನ್ನು ಇನ್ನೂ ಬಿಗಿಯಾಗಿ ಎಳೆದಳು.

“ಜ್ವರ... ನಿಂಗಾ?”

“ನನಗೇ. ಕೀಲು ಕೀಲೂ ಹಿಡ್ಕೊಂಡು, ಗಂಜಿ ಲೋಟ ಎತ್ತೋಕಾಗ್ದೆ ಮಲಗಿದ್ದೆ. ಅಮ್ಮ ಪಕ್ಕದಲ್ಲೇ ಫೋನ್ ಹಿಡ್ಕೊಂಡಿದ್ಲು. ನಿಮ್ಮ ನಗು ನನಗೂ ಕೇಳಿಸ್ತು. ಅಷ್ಟುದ್ದ ಮಾತಲ್ಲಿ ‘ತನುಜ ಹೇಗಿದಾಳೆ’ ಅಂತ ಒಂದು ಸಲ ಕೇಳೋಕೆ ಬಾಯಿ ಬರ್ಲಿಲ್ಲ. ಹುಳ ಹೇಗಿವೆ, ಹುಳ ಹೇಗಿವೆ! ಎಲ್ಲಾ ಫೋನಲ್ಲೂ ಹುಳದ್ದೇ ವಿಚಾರಣೆ. ಹಂಗಾದ್ರೆ ಹುಳಾನೇ ಮದುವೆಯಾಗಿ!”

ಕಣ್ಣು ತುಂಬಿ ಬಂದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ರೋಷ ಬಂದಿತು.

ವೇಣು ಕೋಟನ್ನು ಹೆಗಲಿನಿಂದ ಇಳಿಸಿ ಕೈಯಲ್ಲಿ ಹಿಡಿದ. ಮತ್ತೆ ಮಾತಾಡಿದಾಗ ಅವನ ದನಿಯಲ್ಲಿ ಜಂಬದ ಸುಳಿವೂ ಇರಲಿಲ್ಲ.

“ಅತ್ತೆ ಎದುರಿಗೆ ‘ತನುಜ ಹೇಗಿದಾಳೆ’ ಅಂತ ಹೆಂಗೆ ಕೇಳೋದು? ನಾಚಿಕೆ ಆಗಲ್ವಾ? ನಾನು ಹುಳ ಹೇಗಿವೆ ಅಂದಾಗೆಲ್ಲಾ, ಅತ್ತೆ ‘ಚೆನ್ನಾಗಿವೆ ಕಣಪ್ಪ, ಚೆನ್ನಾಗಿ ತಿಂತಾವೆ, ನಿನ್ನೆ ಶಿಡ್ಲಘಟ್ಟಕ್ಕೆ ಹೋಗಿ ಹೊಸ ಚಪ್ಪಲಿ ತಂದ್ಕೊಂಡ್ವು’ ಅನ್ನೋರು. ಹುಳ ಎಲ್ಲಾದ್ರೂ ಚಪ್ಪಲಿ ಹಾಕ್ತಾವಾ ತನೂ?”

ಒಳಗಿನಿಂದ ಮುನಿಗಂಗಮ್ಮನ ಕೆಮ್ಮು ಕೇಳಿಸಿತು. ಅದು ನಗುವನ್ನು ಅಡಗಿಸಲು ಹೊರಟ ಕೆಮ್ಮು.

“ಆವತ್ತೊಂದು ದಿನ ಮಾತ್ರ ನಿಜವಾಗ್ಲೂ ಹುಳ ಅಂದ್ಕೊಂಡೆ,” ಎಂದ ವೇಣು. “ಅದೇ ದಿನ ತಪ್ಪಬೇಕಿತ್ತು ನೋಡು.”

ತನುಜಳ ಎದೆಯೊಳಗೆ ಏನೋ ಸಡಿಲವಾಯಿತು. ಅದು ಸಡಿಲವಾದುದಕ್ಕೂ ಅವಳು ಅವನನ್ನು ಕ್ಷಮಿಸಲಿಲ್ಲ. ಇಷ್ಟು ಕಾಲ ಜತನದಿಂದ ಕಾಪಾಡಿಕೊಂಡ ಕೋಪವನ್ನು ಒಂದು ಜೊತೆ ಚಪ್ಪಲಿಗಾಗಿ ಬಿಟ್ಟುಕೊಡುವುದೇ?

“ಅಂದ್ರೆ ನಾನು ಹುಳ!” ಎಂದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ವೇಣು ಹೊರಗಿನ ಕಲ್ಲು ಬೆಂಚಿನ ಮೇಲೆ ಕುಳಿತ. ಕೋಟು ಹಾಕಿಕೊಳ್ಳಲಿಲ್ಲ. ಹಾಕಿಕೊಂಡರೆ ಬೆಳಗಿನ ಮಾತಿಗೆ ಸೋತಂತೆ. ಮುನಿಗಂಗಮ್ಮ ಕಾಫಿ ತಂದುಕೊಟ್ಟು, “ಏಮಿರಾ, ಕೋಟು ಹಾಕ್ಕೋಬಾರ್ದಾ? ಗಾಳಿ ಕೊಯ್ತಾ ಇದೆ,” ಎಂದರೆ, “ಇದ್ಯಾವ ಚಳಿ ಅತ್ತೆ,” ಎಂದನಾದರೂ ಲೋಟವನ್ನು ಎರಡೂ ಅಂಗೈಗಳಿಂದ ತಬ್ಬಿ ಹಿಡಿದಿದ್ದ. ಬಾಗಿಲ ಸಂದಿನಿಂದ ತನುಜ ಅದನ್ನು ನೋಡಿದಳು. ನೋಡಿಲ್ಲವೆಂದು ತನಗೆ ತಾನೇ ಹೇಳಿಕೊಂಡಳು.

ಮಂಜು ಕರಗಿತು. ಬಿಸಿಲು ಕಲ್ಲನ್ನು ಕಾಯಿಸತೊಡಗಿತು. ಗೋಣಿ ನೆನೆಸುವ ಹೊತ್ತಾಯಿತೆಂದು ಬಕೆಟ್ ಹಿಡಿದು ಹೊರಬಂದ ತನುಜ, ಹೊಸ್ತಿಲಲ್ಲೇ ನಿಂತುಬಿಟ್ಟಳು.

ಸುಡುವ ಬಿಸಿಲಿನಲ್ಲಿ ವೇಣು ಉಣ್ಣೆ ಕೋಟಿನ ಗುಂಡಿಗಳನ್ನೆಲ್ಲ ಕುತ್ತಿಗೆಯವರೆಗೂ ಹಾಕಿಕೊಂಡು ಮುದುಡಿ ಕುಳಿತಿದ್ದ. ಹಲ್ಲುಗಳು ಕಟಕಟನೆ ಕಡಿಯುತ್ತಿದ್ದವು. ಹಿಮದ ರಾಶಿಯ ನಡುವೆ ಒಂದು ಸೀನೂ ಸೀನದ ವೀರನನ್ನು ಶಿಡ್ಲಘಟ್ಟದ ಒಂದು ಬೆಳಗು ಉರುಳಿಸಿತ್ತು.

“ಇದೂ ಒಂದು ಚಳಿನಾ?” ಎಂದಳು.

“ಚಳಿನೇ,” ಎಂದ, ನಡುಗುತ್ತ. “ಒಪ್ಕೊಂಡೆ. ಮಹಾ ಚಳಿ.”

ತನುಜ ಬಕೆಟ್ ಇಳಿಸಿದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅವನ ಹಣೆಯ ಮೇಲಿಟ್ಟಳು. ಕೆಂಡ.

“ಎಷ್ಟನೇ ಜ್ವರ, ಬಾವ?”

ಕೇಳಿ ಮುಗಿಸಿದ ಮೇಲೆಯೇ ಅವಳಿಗೆ ತಾನು ಆಡಿದ ಪದ ತಿಳಿದದ್ದು. ವೇಣುವಿನ ಎಡಗೆನ್ನೆಯ ಗುಳಿ, ಆ ನಡುಕದ ನಡುವೆಯೂ, ಮೆಲ್ಲನೆ ಮರಳಿ ಬಂದಿತು.

“ಜ್ವರದಲ್ಲಿದ್ದಾಗ ಮುಟ್ಟಬಾರದು ಕಣೇ.”

“ಬಾಯ್ಮುಚ್ಚು. ಅದು ಹುಳಕ್ಕೆ.” ಕೈಯನ್ನು ಮಾತ್ರ ತೆಗೆಯಲಿಲ್ಲ. “ಹಿಮ ಬೀಳೋ ಕಾಲದಲ್ಲಿ ಕೆಲಸ ಬಿಟ್ಟು ಬಂದಿದೀಯ. ಕಾಂಟ್ರಾಕ್ಟರ್ ಮತ್ತೆ ಸೇರಿಸ್ಕೋತಾನಾ?”

“ಇಲ್ಲ. ಗಾಡಿ ಕೀ ಅವನ ಕೈಗೆ ಕೊಟ್ಟೇ ಬಂದೆ.”

“ಹುಚ್ಚು ಮುಂಡೇದೇ!” ಎಂದು ತನುಜ ಬೈದಳು. ಅವಳು ಅವನನ್ನು ಅಷ್ಟು ಸಿಟ್ಟಿನಿಂದ, ಅಷ್ಟು ಪ್ರೀತಿಯಿಂದ ಹಿಂದೆಂದೂ ಬೈದಿರಲಿಲ್ಲ.

ಆಗ ಒಳಗೆ ಮೊಬೈಲು ಹಾಡಿತು. ಮುನಿಗಂಗಮ್ಮ ಅದನ್ನು ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದಳು. ಮಗಳ ಕೈಯನ್ನೂ ಅಳಿಯನ ಹಣೆಯನ್ನೂ ನೋಡಿ, ನೋಡದವಳಂತೆ ತೆಂಗಿನ ಮರದ ಕಡೆ ಮುಖ ಮಾಡಿದಳು.

“ಗೌರಿಬಿದನೂರಿನೋರು ಕಣಮ್ಮ. ಹೊರಡೋಣ್ವಾ ಅಂತಾರೇನೋ. ಏನ್ ಹೇಳ್ಲಿ?”

“ಮನೇಲಿ ಜ್ವರ ಅಂತ ಹೇಳಮ್ಮ.”

“ಅವ್ರೂ ಈ ಕಡೆಯೋರೇ. ಎಷ್ಟನೇ ಜ್ವರ ಅಂತ ಕೇಳಿದ್ರೆ?”

ತನುಜ ಒಣ ಗೋಣಿಯೊಂದನ್ನು ಕೊಡವಿ, ಕೋಟಿನ ಮೇಲೆಯೇ ವೇಣುವಿನ ಹೆಗಲಿಗೆ ಹೊದಿಸಿದಳು.

“ಕೊನೇ ಜ್ವರ ಅನ್ನು. ಎದ್ದ ಮೇಲೆ ಇನ್ನು ಗೂಡು ಕಟ್ಟೋದೇ.”