ಮೂರನೇ ತೊಟ್ಟಿಯ ಗಂಧಕ

ಅಕ್ಟೋಬರ್ 14, ಮಂಗಳವಾರ ಬೆಳಿಗ್ಗೆ 9.20ಕ್ಕೆ ಕ್ಲೆಲಿ ಕೊಂಬೆಸಾಕ್ ಕೊರ್ಬಿಯೇರ್ ಬೆಟ್ಟದ ತಪ್ಪಲಿನ ಠಾಣೆಗೆ ಬಂದು, ತನ್ನ ವೈನಿಗೆ ಯಾರೋ ಗಂಧಕದ ಪುಡಿ ಬೆರೆಸಿದ್ದಾರೆ ಎಂದು ದೂರು ಕೊಟ್ಟಳು.

ಎಫ್‌ಐಆರ್ ಬರೆಯಲು ಕುಳಿತಿದ್ದ ಠಾಣಾಧಿಕಾರಿ ಸೊಲಾಂಜ್ ಪೆರಾಕ್ ಪೆನ್ನು ಕೆಳಗಿಟ್ಟಳು. ಕೊಂಬೆಸಾಕ್ ಮನೆಯವರು ನಾಲ್ಕು ತಲೆಮಾರಿನಿಂದ ದ್ರಾಕ್ಷಿರಸಕ್ಕೆ ಬೇರೇನನ್ನೂ ಸೇರಿಸಿದವರಲ್ಲ. ಹಣ್ಣಿನ ಸಿಪ್ಪೆಯ ಮೇಲೆ ತಾನಾಗಿ ಕೂತ ಹುದುಗಿನಿಂದಲೇ ಅವರ ರಸ ಉಕ್ಕಬೇಕು. ವೈನು ಕೆಡದಿರಲೆಂದು ಸುತ್ತಲಿನವರೆಲ್ಲ ಹಾಕುವ ಗಂಧಕದ ಬಿಳಿ ಲವಣ ಆ ನೆಲಮಾಳಿಗೆಯ ಹೊಸ್ತಿಲು ದಾಟಿರಲಿಲ್ಲ.

"ಎಷ್ಟು ತೊಟ್ಟಿ?"

"ಒಂದೇ, ಮೂರನೇದು. ಭಾನುವಾರ ಊರಿನ ಊಟಕ್ಕೆ ಹೋಗಿ ಬಂದಾಗ ಮುಚ್ಚಳದ ಮೇಲೆ ಬಿಳೀ ಪುಡಿ ಇತ್ತು. ಈಗ ರಸ ಉಕ್ಕೋದೂ ನಿಂತುಬಿಟ್ಟಿದೆ." ಕ್ಲೆಲಿ ಮೂಗು ಒರೆಸಿಕೊಂಡಳು. ಹತ್ತು ದಿನದ ನೆಗಡಿ. "ಅಪ್ಪ ಹೋದಮೇಲೆ ನಾನೊಬ್ಬಳೇ ಮಾಡ್ತಿರೋ ಮೊದಲ್ನೇ ವೈನು, ಮೇಡಂ."

"ಯಾರ ಮೇಲೆ ಅನುಮಾನ?"

"ಪಕ್ಕದ ತೋಟದ ಗಾಸ್ಪಾರ್ ರೂಮೆನ್ಸ್. ನಿನ್ನ ವೈನು ವಿನೆಗರ್ ಆಗಿ ಸಲಾಡಿಗೆ ಸುರ್ಕೊಳ್ಳೋಕೇ ಲಾಯಕ್ಕು ಅಂತ ಎಲ್ಲರೆದುರಿಗೆ ನಕ್ಕಿದ್ದ."

10.45ಕ್ಕೆ ಮಹಜರು. ಬೀಗ ಮುರಿದಿರಲಿಲ್ಲ. ಕೀಲಿ ಕಿಟಕಿಯ ಹಿಂದಿನ ಮೊಳೆಯಲ್ಲಿರುವುದು ಅಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ಪುಡಿ ಕದಡಿದ ಬಕೆಟ್ಟನ್ನು ಚೊಕ್ಕಟವಾಗಿ ತೊಳೆದು, ಗೋಡೆಯ ಬುಡದಲ್ಲಿ ಬೋರಲು ಹಾಕಲಾಗಿತ್ತು.

"ಕೆಡಿಸೋಕೆ ಬಂದೋನು ಬಕೆಟ್ ತೊಳೆದಿಟ್ಟು ಹೋಗ್ತಾನಾ ಮೇಡಂ?" ಎಂದ ಕಾನ್‌ಸ್ಟೇಬಲ್ ಯಾನಿಕ್.

"ಅದನ್ನೂ ಬರ್ಕೋ."

ತೊಟ್ಟಿಯ ವೈನನ್ನು ಸೀಸೆಗೆ ತುಂಬಿ ಮೊಹರು ಹಾಕಿದರು. ಕ್ಲೆಲಿ ದಿನಕ್ಕೊಂದರಂತೆ ತಾರೀಖು ಬರೆದು ಫ್ರಿಜ್ಜಿನಲ್ಲಿಟ್ಟಿದ್ದ ಮಾದರಿ ಸೀಸೆಗಳನ್ನೂ ಪ್ರಯೋಗಾಲಯಕ್ಕೆ ಕಳಿಸಿದರು.

ಮಧ್ಯಾಹ್ನ ಎರಡಕ್ಕೆ ಗಾಸ್ಪಾರನ ವಿಚಾರಣೆ.

"ಭಾನುವಾರ ಎಲ್ಲಿದ್ರಿ?"

"ಕೊಯ್ಲು ಮುಗಿದ ಊಟದಲ್ಲಿ. ಊರೇ ಅಲ್ಲಿತ್ತಲ್ಲ."

"ಮಧ್ಯೆ ಎದ್ದು ಹೋಗಲಿಲ್ವಾ?"

"ಬಾತುಕೋಳಿ ಬಡಿಸ್ತಿರುವಾಗ ಎದ್ದು ಹೋಗೋವಷ್ಟು ದ್ವೇಷ ನನಗೆ ಯಾರ ಮೇಲೂ ಇಲ್ಲ, ಮೇಡಂ."

ಅವನ ಪಕ್ಕ ಕೂತಿದ್ದ ಐವರೂ ಅದನ್ನೇ ಹೇಳಿದರು.

ಶುಕ್ರವಾರ, 17ರಂದು ಪ್ರಯೋಗಾಲಯದ ವರದಿ ಬಂತು. ಪುಡಿಯ ಪೊಟ್ಟಣದ ಮೇಲೆ ಲೀಟರಿಗೆ ಎಷ್ಟು ಎಂದು ಅಚ್ಚಾಗಿರುತ್ತದೋ ವೈನಿನಲ್ಲಿ ಅಷ್ಟೇ ಇತ್ತು, ಕೂದಲೆಳೆಯಷ್ಟೂ ಹೆಚ್ಚಿರಲಿಲ್ಲ. ಸೊಲಾಂಜ್ ಎರಡನೆಯ ಪುಟವನ್ನು ಎರಡು ಸಲ ಓದಿ ಕ್ಲೆಲಿಯ ಬಳಿಗೆ ಹೋದಳು.

"ಈ ತೊಟ್ಟಿಯ ಫಲಕದಲ್ಲಿ ನಾಲ್ಕು ಸಾವಿರ ಲೀಟರ್ ಅಂತಿದೆ. ಪುಡಿ ಅಳೆದೋನು ಅದನ್ನ ನೋಡಿಯೇ ಲೆಕ್ಕ ಹಾಕಿರ್ಬೇಕಲ್ವಾ?"

"ಅಷ್ಟು ಹಿಡಿಯಲ್ಲ. ಹಿಂದೆ ಬಿರುಕು ಬಿಟ್ಟಿತ್ತು, ಒಳಗೆಲ್ಲ ದಪ್ಪಕ್ಕೆ ಗಾರೆ ಬಳಿದ್ರು. ಹಿಡಿಯೋದು ಮೂರು ಸಾವಿರದ ಆರುನೂರು."

"ಹಾಗಾದ್ರೆ ಫಲಕ ನೋಡಿ ಹಾಕಿದ್ರೆ ಪುಡಿ ಹೆಚ್ಚಾಗ್ತಿತ್ತು, ಇಲ್ಲಿ ಸರಿಯಾಗಿದೆ. ಈ ಅಳತೆ ಯಾರ್‍ಯಾರಿಗೆ ಗೊತ್ತು?"

"ಅಪ್ಪನಿಗೆ ಗೊತ್ತಿತ್ತು. ನನಗೆ ಗೊತ್ತು." ಅವಳು ತೊಟ್ಟಿಯ ಕಡೆ ತಿರುಗಿದಳು. "ಗಾರೆ ಬಳಿದದ್ದು ಒನೊರೆ ಮಾಮ."

ಒನೊರೆ ತಾಯಾದ್, ಎಪ್ಪತ್ತೊಂದು ವರ್ಷ. ನಲವತ್ತೊಂದು ವರ್ಷ ಆ ನೆಲಮಾಳಿಗೆ ನೋಡಿಕೊಂಡವನು. ಕಷ್ಟಕಾಲಕ್ಕೆ ಸ್ವಲ್ಪ ಗಂಧಕ ಇಟ್ಟುಕೊಂಡಿರು ಎಂದು ಜೂನ್‌ನಲ್ಲಿ ಕ್ಲೆಲಿಗೆ ಹೇಳಿದ್ದ.

"ಹಾಗನ್ನೋರು ಮನೇಲಿರಿ ಅಂದೆ," ಎಂದಳು ಕ್ಲೆಲಿ. "ಅವತ್ತಿಂದ ಬಂದಿಲ್ಲ."

ಭಾನುವಾರದ ಊಟಕ್ಕೂ ಅವನು ಬಂದಿರಲಿಲ್ಲ. ಶನಿವಾರ ಅವನು ಗಂಧಕದ ಒಂದು ಪೊಟ್ಟಣ ಕೊಂಡಿದ್ದನ್ನು ಗೊಬ್ಬರದಂಗಡಿಯವಳು ನೆನಪಿಸಿಕೊಂಡಳು.

ಸಂಜೆ 4.10ಕ್ಕೆ ಊರ ಮೈದಾನದಲ್ಲಿ ಒನೊರೆ ಗೆಳೆಯರೊಂದಿಗೆ ಕಬ್ಬಿಣದ ಗುಂಡಿನಾಟ ಆಡುತ್ತಿದ್ದ. ಪೊಲೀಸರನ್ನು ಕಂಡು ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಇದೊಂದು ಎಸೆದು ಬರ್ಲಾ?"

"ಎಸೀರಿ."

ಗುರಿ ತಪ್ಪಿತು. ಅವನು ಟೋಪಿ ತೆಗೆದುಕೊಂಡು ಜೀಪು ಹತ್ತಿದ.

"ನೀವೇ ಹಾಕಿದ್ದಾ?" ಠಾಣೆಯಲ್ಲಿ ಸೊಲಾಂಜ್ ಕೇಳಿದಳು.

"ಹೌದು."

"ಯಾಕೆ?"

"ಹೋದ ಶುಕ್ರವಾರ ಆ ನೆಲಮಾಳಿಗೆ ಕಿಟಕಿ ಪಕ್ಕ ಹಾದುಹೋದೆ. ವಿನೆಗರ್ ವಾಸನೆ. ಇನ್ನೂ ಎಳೇದು, ಆದ್ರೆ ಅದೇ. ಅವಳಿಗೆ ಹೇಗೆ ತಿಳಿದಿಲ್ಲ ಅಂತ ನನಗೆ ಅರ್ಥ ಆಗಲಿಲ್ಲ."

"ಅವಳಿಗೆ ನೆಗಡಿ ಆಗಿತ್ತು. ಬಾಗಿಲು ತಟ್ಟಿ ಹೇಳ್ಬಹುದಿತ್ತಲ್ಲ?"

ಅವನು ಟೋಪಿಯನ್ನು ಮೇಜಿನ ಮೇಲಿಟ್ಟ.

"ಎಂಬತ್ತೇಳನೇ ಇಸವೀಲಿ ಇದೇ ವಾಸನೆ ಬಂದಿತ್ತು. ಯಜಮಾನರಿಗೆ ಎದುರಾಡೋದು ಹೇಗೆ ಅಂತ ಬಾಯಿ ಮುಚ್ಕೊಂಡಿದ್ದೆ. ಇಡೀ ವರ್ಷದ ವೈನು ಚರಂಡಿಗೆ ಸುರಿದ್ವಿ. ಇವಳಪ್ಪ ಆಮೇಲೆ ಮೂರು ತಿಂಗಳು ಯಾರ ಹತ್ರಾನೂ ಮಾತಾಡ್ಲಿಲ್ಲ. ಇವಳಿಗೂ ಹಾಗಾಗೋದು ಬೇಡ ಅನ್ನಿಸ್ತು. ಹೇಳಿದ್ರೆ ಮತ್ತೆ ಮನೆಗೆ ಹೋಗು ಅಂತಾಳೆ. ಆ ಮಾತು ಎರಡನೇ ಸಲ ಕೇಳೋ ಶಕ್ತಿ ಇರಲಿಲ್ಲ."

ಸೊಲಾಂಜ್ ಹೇಳಿಕೆಗೆ ಸಹಿ ಹಾಕಿಸಿ ಸರಕಾರಿ ವಕೀಲರಿಗೆ ಫೋನ್ ಮಾಡಿದಳು. ವಿಚಾರಣೆಯ ದಿನ ಹಾಜರಾಗುವಂತೆ ಬರೆಸಿಕೊಂಡು ಬಿಡಬಹುದು ಎಂದರು. ಆಮೇಲೆ ಕ್ಲೆಲಿಯನ್ನು ಕರೆಸಿ ವರದಿಯ ಎರಡನೆಯ ಪುಟ ಅವಳ ಮುಂದಿಟ್ಟಳು. ಅದರಲ್ಲಿ ಫ್ರಿಜ್ಜಿನ ಮಾದರಿ ಸೀಸೆಗಳ ಫಲಿತಾಂಶವಿತ್ತು. ವಿನೆಗರ್ ಹುಳಿ ಭಾನುವಾರದವರೆಗೆ ದಿನದಿನವೂ ಏರಿ, ಅಲ್ಲಿಗೇ ನಿಂತಿತ್ತು.

ಕ್ಲೆಲಿ ಆ ಪುಟ ಹಿಡಿದು ಒನೊರೆಯ ಎದುರು ಕೂತಳು.

"ದೂರು ವಾಪಸ್ ತಗೊಳ್ಳಲ್ಲ, ಮಾಮ. ನನ್ನ ತೊಟ್ಟಿಗೆ ನನ್ನ ಕೇಳದೆ ಕೈ ಹಾಕಿದ್ದು ತಪ್ಪೇ."

"ತಗೋಬೇಡ."

"ಆ ತೊಟ್ಟಿ ವೈನಿನ ಸೀಸೆ ಮೇಲೆ ಗಂಧಕ ಹಾಕಿದೆ ಅಂತಾನೇ ಬರೀತೀನಿ."

"ಬರಿ. ಸುಳ್ಳು ಯಾಕೆ?"

ಅವಳು ಕೋಟಿನ ಜೇಬಿನಿಂದ ಒಂದು ಸೀಸೆ ತೆಗೆದಳು. "ಇದು ನಾಲ್ಕನೇ ತೊಟ್ಟೀದು. ಮೂಗು ಇನ್ನೂ ಕಟ್ಟಿದೆ. ನನಗೇನೂ ಗೊತ್ತಾಗ್ತಿಲ್ಲ."

ಒನೊರೆ ಬಿರಡೆ ತೆಗೆದು, ಕಣ್ಣು ಮುಚ್ಚಿ ಮೂಸಿದ. ಯಾನಿಕ್ ಟೈಪ್ ಮಾಡುವುದನ್ನು ನಿಲ್ಲಿಸಿದ. ಮುದುಕ ಮತ್ತೊಮ್ಮೆ ಮೂಸಿ, ಬಿರಡೆ ಒತ್ತಿ, ಸೀಸೆಯನ್ನು ಅವಳ ಕೈಗೇ ಕೊಟ್ಟ.

"ಚೆನ್ನಾಗಿದೆ ಮಗು," ಎಂದ. "ಇದಕ್ಕೆ ಏನೂ ಹಾಕ್ಬೇಡ."