ಅನ್ನ ಸುರಿಸಿದ ಬಿಳಿಯಾನೆ

ಬಹಳ ಬಹಳ ಹಿಂದೆ, ಏಳು ಬೆಟ್ಟಗಳಾಚೆ ಮಣಿಗುಂದವೆಂಬ ಸಣ್ಣ ರಾಜ್ಯವಿತ್ತು. ಅದನ್ನು ಇಂದುಧರನೆಂಬ ಎಳೆಯ ಅರಸ ಆಳುತ್ತಿದ್ದ. ಒಂದು ವರ್ಷ ಮಿಡತೆಗಳ ಹಿಂಡು ಬಂದು ಗದ್ದೆಗಳನ್ನೆಲ್ಲ ಬೋಳು ಮಾಡಿತು. ಜನ ಹಸಿವಿನಿಂದ ಸಾಯತೊಡಗಿದಾಗ ಅರಸ ತಾನೇ ನಡೆದು ಸಿರಿವಂತ ಹೊನ್ನಾವಳಿ ರಾಜ್ಯಕ್ಕೆ ಹೋಗಿ ನೆರವು ಬೇಡಿದ.

ಅಲ್ಲಿಯ ಆಸ್ಥಾನದ ಮಂತ್ರವಾದಿ ಕಾಳದಂತ ಒಂದು ಬಿಳಿಯಾನೆಯನ್ನು ಕೊಟ್ಟ. ಅದು ಸೊಂಡಿಲೆತ್ತಿದರೆ ಬಿಸಿ ಅನ್ನ ಸುರಿಯುತ್ತಿತ್ತು. ಆನೆ ಇರುವಷ್ಟು ದಿನ ಯಾರೂ ನೇಗಿಲು ಹೂಡಬಾರದು, ಬೇರೇನೂ ಬೇಡ ಎಂದ.

ಮಣಿಗುಂದದ ನಲವತ್ತು ಬಗೆಯ ಭತ್ತದ ಬೀಜವನ್ನು ಕಾಯುತ್ತಿದ್ದವಳು ತಿರುಮಕ್ಕನೆಂಬ ಮುದುಕಿ. ಮುಂದಿನ ಬಿತ್ತನೆಯ ಕಾಲದವರೆಗೆ ಮಾತ್ರ ಆನೆ ಇರಲಿ ಎಂದು ಹೇಳಲು ಅವಳು ಅರಮನೆಗೆ ಬಂದಳು. ಅರಸ ಅವಳನ್ನು ಒಳಗೆ ಕರೆಸಲಿಲ್ಲ. ಅವಳು ಬೀಜದ ಕುಡಿಕೆಗಳನ್ನು ಹೊತ್ತು ಕಾಡು ಸೇರಿದಳು.

ಜನ ಉಂಡರು, ಬದುಕಿಕೊಂಡರು. ಆರು ವರ್ಷಗಳಲ್ಲಿ ನೇಗಿಲುಗಳಿಗೆ ಗೆದ್ದಲು ಹಿಡಿಯಿತು. ಏಳನೆಯ ವರ್ಷ ಕಾಳದಂತ ಬಂದು, ನಿಮ್ಮ ನದಿಯನ್ನು ನನಗೆ ಕೊಡಿ, ಇಲ್ಲವಾದರೆ ಆನೆ ಬೆಂಕಿ ಸುರಿಸುತ್ತದೆ ಎಂದ. ಅರಸನಿಗೆ ದಿಕ್ಕೇ ತೋಚಲಿಲ್ಲ. ಆಗ ಆನೆಯೇ ಕಣ್ಣೀರಿಡುತ್ತ ಮಾತಾಡಿತು. ತಾನೂ ಮಾಯೆಯಲ್ಲಿ ಸಿಕ್ಕಿಬಿದ್ದವಳು, ಮೂರು ದಿನ ಯಾರೂ ಈ ಅನ್ನ ಮುಟ್ಟದಿದ್ದರೆ ಮಾಯೆ ಮುರಿಯುತ್ತದೆ ಎಂದಿತು.

ಜನ ಗೆಡ್ಡೆಗೆಣಸು ಅಗೆದು ತಿಂದರು. ಮೊದಲ ದಿನ ಬೀದಿಯೆಲ್ಲ ತುಪ್ಪದನ್ನದ ಘಮ ಹರಡಿತು; ಯಾರೂ ಮುಟ್ಟಲಿಲ್ಲ. ಎರಡನೆಯ ದಿನ ಪಾಯಸ ಹೊಳೆಯಾಗಿ ಹರಿಯಿತು, ಯಾರೂ ಮುಟ್ಟಲಿಲ್ಲ. ಮೂರನೆಯ ದಿನ ಮಂತ್ರವಾದಿ ಅವರವರ ತಾಯಂದಿರ ದನಿಯಲ್ಲಿ ಊಟಕ್ಕೆ ಕರೆದ. ಜನ ಕಿವಿ ಮುಚ್ಚಿಕೊಂಡು ಅತ್ತರು, ಆದರೂ ಮುಟ್ಟಲಿಲ್ಲ. ಕಾಳದಂತ ಹೊಗೆಯಾಗಿ ಹೋದ. ಆನೆ ತನ್ನ ಹಿಂಡನ್ನು ಹುಡುಕಿಕೊಂಡು ಹೊರಟಿತು.

ಅರಸ ಕಾಡಿಗೆ ಹೋಗಿ ತಿರುಮಕ್ಕನ ಮುಂದೆ ಕೂತ. ಅವಳ ಕಣ್ಣು ಮಂಜಾಗಿತ್ತು.

"ತಪ್ಪಾಯಿತು, ಅಜ್ಜಿ. ಆ ಆನೆಯನ್ನು ತರಲೇಬಾರದಿತ್ತು."

"ಹಾಗನ್ನಬೇಡಿ, ಬುದ್ಧಿ. ಆ ವರ್ಷ ಅದು ಬರದಿದ್ದರೆ ಅರ್ಧ ಜನ ಉಳಿಯುತ್ತಿರಲಿಲ್ಲ. ನನ್ನನ್ನು ಒಂದು ಮಾತು ಕೇಳಬೇಕಿತ್ತು, ಅಷ್ಟೇ."

ಬಿತ್ತದೆ ಇಟ್ಟ ಬೀಜ ಬಹುಕಾಲ ಬದುಕುವುದಿಲ್ಲ. ಕಾಡಿನ ಆ ಚೂರು ನೆಲದಲ್ಲಿ ಅವಳೊಬ್ಬಳೇ ವರ್ಷವರ್ಷ ಬಿತ್ತಿ ಉಳಿಸಿಕೊಂಡದ್ದು ಒಂದೇ ಬಗೆ. ಉಳಿದ ಮೂವತ್ತೊಂಬತ್ತು ಕುಡಿಕೆಗಳಲ್ಲಿ ಬರೀ ಹುಡಿಯಿತ್ತು.

ಅದೊಂದನ್ನೇ ಬಿತ್ತಿದರು. ಮೊದಲ ನೇಗಿಲನ್ನು ಅರಸನೇ ಹಿಡಿದ. ಕಣಜಗಳು ತುಂಬಿದವು, ಜನ ಸುಖವಾಗಿ ಬಾಳಿದರು. ಅರಸನೂ ಸುಖವಾಗಿಯೇ ಇದ್ದ. ಆದರೆ ಹಿಂದೆ ಬಾಣಂತಿಯರಿಗೆ ಕೊಡುತ್ತಿದ್ದ ಕರಿಯಕ್ಕಿ ಗಂಜಿಯ ರುಚಿಯನ್ನು ಹಳಬರು ಯಾರಾದರೂ ನೆನೆಸಿಕೊಂಡರೆ, ಅವನು ಎದ್ದು ಗದ್ದೆಯ ಕಡೆ ನಡೆದುಬಿಡುತ್ತಿದ್ದ.