ಎರಡು ಬೆರಳು ಬಲಕ್ಕೆ

ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲ. ಆಗ ಕಂಚಿನಗಡ ಅಂತ ಒಂದು ರಾಜ್ಯವಿತ್ತು. ಅಲ್ಲಿ ಓಬಯ್ಯ ಅಂತ ಒಬ್ಬ ಬೇಟೆಗಾರ. ಅವನಿಗೆ ಸಾಂತವ್ವ ಅಂತ ಹೆಂಡತಿ, ಒಂದು ಅಗ್ಗದ ಕೋವಿ, ಮತ್ತೆ ಹೊಟ್ಟೆ ತುಂಬ ಕಿಚ್ಚು.

ಕಿಚ್ಚಿಗೆ ಕಾರಣ ಅವನ ಷಡ್ಡಕ ಜೋಗಪ್ಪ. ಸಾಂತವ್ವನ ಅಕ್ಕನ ಗಂಡ. ಜೋಗಪ್ಪನ ಹತ್ತಿರ ರಾಜರೇ ಕೊಟ್ಟ ಬೆಳ್ಳಿಕಟ್ಟಿನ ಕೋವಿ ಇತ್ತು. ಎಲ್ಲಿ ನೋಡಿ ಹೊಡೆದರೆ ಅಲ್ಲೇ ಬೀಳುವ ಗುಂಡು. ಹಬ್ಬಕ್ಕೆ ಇಬ್ಬರೂ ಅಳಿಯಂದಿರು ಹೋದರೆ ಮಾವ ಚನ್ನಬೀರಪ್ಪ ಬೆಳ್ಳಿ ಕೋವಿಯನ್ನು ಪಡಸಾಲೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಡಿಸುತ್ತಿದ್ದ. ಓಬಯ್ಯನದು ಸೌದೆ ಪಕ್ಕದಲ್ಲಿ. ಹೋಳಿಗೆ ಮೇಲೆ ಜೋಗಪ್ಪನಿಗೆ ಎರಡು ಚಮಚ ತುಪ್ಪ, ಓಬಯ್ಯನಿಗೆ ಒಂದು. ಓಬಯ್ಯ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ.

ಅವನ ಕೋವಿ ಮೂರು ಕುರಿ ಕೊಟ್ಟು ಸಂತೆಯಲ್ಲಿ ತಂದದ್ದು. ನಳಿಗೆ ಸ್ವಲ್ಪ ಸೊಟ್ಟ. ತಂದ ಹೊಸದರಲ್ಲಿ ಗುಂಡು ಒಮ್ಮೆ ಮರಕ್ಕೆ, ಒಮ್ಮೆ ಮಣ್ಣಿಗೆ ಬೀಳುತ್ತಿತ್ತು. ಓಬಯ್ಯ ಬಿಡಲಿಲ್ಲ. ಬಂಡೆಯ ಮೇಲೆ ಇದ್ದಿಲಿನಿಂದ ಬೊಟ್ಟು ಇಟ್ಟು ಮೂರು ವರ್ಷ ಹೊಡೆದ. ಮದ್ದನ್ನು ಒಂದೇ ಕೊಂಬಿನಲ್ಲಿ ಅಳೆದು, ಮೇಲೆ ಎದ್ದದ್ದನ್ನು ಉಗುರಿನಿಂದ ಸಮ ಮಾಡಿದ. ಗುಂಡಿಗೆ ಎಣ್ಣೆಬಟ್ಟೆ ಸುತ್ತಿದ. ಪ್ರತಿ ಈಡಿಗೂ ನಳಿಗೆಯನ್ನು ಒರೆಸಿದ. ಆಮೇಲೆ ಗುಟ್ಟು ಗೊತ್ತಾಯಿತು. ಐವತ್ತು ಹೆಜ್ಜೆ ದೂರಕ್ಕೆ ಆ ಕೋವಿ ಸರಿಯಾಗಿ ಎರಡು ಬೆರಳು ಎಡಕ್ಕೆ ಹೊಡೆಯುತ್ತದೆ. ಹಾಗಾದರೆ ಎರಡು ಬೆರಳು ಬಲಕ್ಕೆ ಗುರಿ ಇಟ್ಟರಾಯಿತು. ಅಂದಿನಿಂದ ಸೀತಾಫಲವನ್ನು ಮುಟ್ಟದೆ ಅದರ ತೊಟ್ಟು ಹಾರಿಸುತ್ತಿದ್ದ. ನೋಡಿದವರು ಮಾತ್ರ ಯಾರೂ ಇಲ್ಲ ಅಂತ ಅವನ ಎಣಿಕೆ.

ಹೀಗಿರುವಾಗ ಕಾಡಿಗೆರಾಯ ಅನ್ನೋ ಮಾಂತ್ರಿಕ ಕೆರೆಯ ಪಕ್ಕದ ಬೆಟ್ಟಕ್ಕೆ ಬಂದು ಸೇರಿಕೊಂಡ. ಒಂದು ಬೆಳಿಗ್ಗೆ ನೀರಿಗೆ ಹೋದ ಹೆಂಗಸರೆಲ್ಲ ಕೊಡದ ಸಮೇತ ಕಲ್ಲಾದರು. ಅವರಲ್ಲಿ ಸಾಂತವ್ವನೂ ಒಬ್ಬಳು. ಓಬಯ್ಯ ಓಡಿ ಹೋಗಿ ಅವಳ ಕೈ ಹಿಡಿದ. ಕೈ ತಣ್ಣಗಿತ್ತು. ಅಲ್ಲೇ ಕೂತು ಅತ್ತ.

ಬೆಟ್ಟಕ್ಕೆ ಕನಿಕರ ಬಂತು. "ಅಳಬೇಡ ಮಗಾ," ಅಂದಿತು. "ಇದು ಆ ಮಾಂತ್ರಿಕನ ಕೆಲಸ. ಅವನ ಪ್ರಾಣ ಮೂರು ಮಿಗಗಳಲ್ಲಿದೆ. ಹಂದಿ, ಕೊಕ್ಕರೆ, ಜಿಂಕೆ. ಮೂರೂ ಇವತ್ತು ನೀರಿಗೆ ಬರ್ತಾವೆ. ಹೊತ್ತು ಮುಳುಗೋದರೊಳಗೆ ಮೂರನ್ನೂ ಹೊಡೆದರೆ ನಿನ್ನ ಹೆಂಡತಿ ಎದ್ದು ಬರ್ತಾಳೆ. ಇಲ್ಲದಿದ್ದರೆ ಅವಳು ಎಂದಿಗೂ ಕಲ್ಲೇ. ಒಂದು ಸಲ ಗುರಿ ತಪ್ಪಿದರೆ ಮೊಣಕಾಲಿನವರೆಗೆ ನೀನೂ ಕಲ್ಲಾಗ್ತೀಯ. ಎರಡನೇ ಸಲ ತಪ್ಪಿದರೆ ಪೂರ್ತಿ."

ಸುದ್ದಿ ಕೇಳಿ ಊರು ಕೆರೆ ಏರಿಯ ಮೇಲೆ ಸೇರಿತು. ಜೋಗಪ್ಪ ಬೆಳ್ಳಿ ಕೋವಿ ಹಿಡಿದು, ನೀರಿನಿಂದ ಐವತ್ತು ಹೆಜ್ಜೆಯಲ್ಲಿ ಕಾದಿದ್ದ ಓಬಯ್ಯನ ಪಕ್ಕಕ್ಕೆ ಬಂದು ಕೂತ.

ಮೊದಲು ಹಂದಿ ಬಂತು. ಮೈಯೆಲ್ಲ ಕಬ್ಬಿಣ, ಕಿವಿಯ ಹಿಂದೆ ಮಾತ್ರ ಹೆಬ್ಬೆಟ್ಟಿನಷ್ಟು ಮೆತ್ತಗಿನ ಜಾಗ. ಓಬಯ್ಯ ಮದ್ದು ಅಳೆದ, ಉಗುರಿನಿಂದ ಸಮ ಮಾಡಿದ, ಉಸಿರು ಬಿಗಿಹಿಡಿದ, ಎರಡು ಬೆರಳು ಬಲಕ್ಕೆ ಗುರಿ ಇಟ್ಟ. ಹಂದಿ ಬಿದ್ದು ಬೂದಿಯಾಯಿತು.

ಏರಿಯ ಮೇಲಿಂದ ಮಾವನ ಮಾತು ಕೇಳಿಸಿತು. "ಹಂದಿ ಹತ್ತಿರಾನೇ ಇತ್ತು ಬಿಡ್ರಿ. ಜೋಗಪ್ಪನ ಕೋವಿಯಾದರೆ ಇದರ ಎರಡರಷ್ಟು ದೂರದಿಂದ ಹೊಡೀತಿತ್ತು."

ಓಬಯ್ಯನ ಹೊಟ್ಟೆಯೊಳಗೆ ಕೆಂಡ ಬಿತ್ತು. ಕಲ್ಲಾಗಿ ನಿಂತಿರುವವಳು ಆ ಮಾವನ ಮಗಳೇ, ಆದರೂ ಮನುಷ್ಯನಿಗೆ ಬೆಳ್ಳಿ ಕೋವಿಯದೇ ಧ್ಯಾನ.

ಆಮೇಲೆ ಕೊಕ್ಕರೆ ಬಂತು. ಅದರ ಕೊರಳಲ್ಲಿ ಕಡಲೆಕಾಳಿನಷ್ಟು ಗೆಜ್ಜೆ. ಗೆಜ್ಜೆ ಒಡೆದರೇ ಅದು ಸಾಯುವುದು. ಓಬಯ್ಯ ತನ್ನ ಕೋವಿ ಕೆಳಗಿಟ್ಟ. "ಅಣ್ಣ, ನಿನ್ನದು ಕೊಡು," ಅಂದ. ಮಾವ ನೋಡಲಿ, ಊರು ನೋಡಲಿ, ತನ್ನ ಹೆಗಲ ಮೇಲೂ ಬೆಳ್ಳಿ ಹೊಳೆಯಲಿ ಅನ್ನೋ ಆಸೆ ಅವನಿಗೆ.

ಜೋಗಪ್ಪ ಕೊಟ್ಟ. ಓಬಯ್ಯ ಗುಂಡು ಹಾರಿಸಿದ. ಗೆಜ್ಜೆ ಅಲುಗಲೂ ಇಲ್ಲ. ಕೊಕ್ಕರೆ ಹಾರಿ, ಒಂದು ಸುತ್ತು ಹೊಡೆದು, ಆಚೆ ಬಂಡೆಯ ಮೇಲೆ ಕೂತು ಮನುಷ್ಯರ ಹಾಗೆ ನಕ್ಕಿತು. ಓಬಯ್ಯನ ಕಾಲು ಮೊಣಕಾಲಿನವರೆಗೆ ಕಲ್ಲಾದವು.

"ಎಲ್ಲಿಗೆ ಗುರಿ ಇಟ್ಟೆ ತಮ್ಮಾ?" ಜೋಗಪ್ಪ ಕೇಳಿದ.

"ಎರಡು ಬೆರಳು ಬಲಕ್ಕೆ."

"ಯಾಕೆ? ಇದು ನೆಟ್ಟಗೆ ಹೊಡೆಯೋ ಕೋವಿ."

ಓಬಯ್ಯ ತಲೆ ತಗ್ಗಿಸಿದ. ಮೂರು ವರ್ಷದ ರೂಢಿ ಕೈಯಲ್ಲೇ ಇತ್ತು, ಕೋವಿ ಬದಲಾದದ್ದು ಕೈಗೆ ಗೊತ್ತಿರಲಿಲ್ಲ. "ನನ್ನ ಹೊಟ್ಟೆಕಿಚ್ಚಿಗೆ ನನ್ನ ಸಾಂತಿಯನ್ನೇ ಕಳಕೊಳ್ತಿದ್ದೆನಲ್ಲ," ಅಂದುಕೊಂಡ. ಬೆಳ್ಳಿ ಕೋವಿ ವಾಪಸ್ಸು ಕೊಟ್ಟ. ಜೋಗಪ್ಪ ಬಗ್ಗಿ, ಹಳೇ ಕೋವಿಯನ್ನೂ ಒರೆಸುವ ಬಟ್ಟೆಯನ್ನೂ ಎತ್ತಿಕೊಟ್ಟ. ಓಬಯ್ಯ ನಳಿಗೆ ಒರೆಸಿ, ಮದ್ದು ಅಳೆದು, ಗೆಜ್ಜೆಯಿಂದ ಎರಡು ಬೆರಳು ಬಲಕ್ಕೆ ಗುರಿ ಇಟ್ಟು ಹೊಡೆದ. ಗೆಜ್ಜೆ ಒಡೆಯಿತು. ಕೊಕ್ಕರೆ ಬೂದಿಯಾಯಿತು.

ಹೊತ್ತು ಇಳಿಯುತ್ತಾ ಬಂತು. ಕೊನೆಗೆ ಜಿಂಕೆ ಬಂತು. ಅದರ ಹಣೆಯ ನಡುವೆ ಒಂದು ಕನ್ನಡಿ. ಕನ್ನಡಿ ಒಡೆದರೇ ಅದು ಸಾಯುವುದು.

"ನಿನ್ನ ಕಾಲು ಕಲ್ಲಾಗಿವೆ. ಇನ್ನೊಂದು ಸಲ ತಪ್ಪಿದರೆ ನೀನೇ ಇರಲ್ಲ. ಇದನ್ನ ನಾನು ಹೊಡೀತೀನಿ," ಅಂದ ಜೋಗಪ್ಪ.

ಸರಿಯಾದ ಮಾತೇ. ಆದರೂ ಓಬಯ್ಯನಿಗೆ ಮತ್ತೆ ಉರಿಯಿತು. ಎರಡು ಮಿಗ ಹೊಡೆದವನು ನಾನು, ಕೊನೆಗೆ ಹೆಸರು ಇವನಿಗೆ!

ಜೋಗಪ್ಪ ಕೋವಿ ಎತ್ತಿ ಕನ್ನಡಿಗೇ ನೇರ ಗುರಿ ಇಟ್ಟ. ಇಟ್ಟವನು ಇಟ್ಟ ಹಾಗೇ ನಿಂತುಬಿಟ್ಟ. ಕಣ್ಣು ರೆಪ್ಪೆ ಬಡಿಯಲಿಲ್ಲ, ಬಾಯಿ ತೆರೆದೇ ಇತ್ತು. ಯಾರು ಏನನ್ನು ಕಂಡು ಉರಿಯುತ್ತಾರೋ ಅದನ್ನೇ ತೋರಿಸುವ ಕನ್ನಡಿ ಅದು. ನೋಡಿದವನಿಗೆ ಕಣ್ಣು ಕೀಳಲು ಆಗುವುದಿಲ್ಲ.

ಓಬಯ್ಯ ತನ್ನ ಕೋವಿ ಎತ್ತಿದ. ಕನ್ನಡಿ ಕಣ್ಣಿಗೆ ಬಿತ್ತು. ಒಳಗೆ ಅವನದೇ ಹೆಗಲ ಮೇಲೆ ಬೆಳ್ಳಿ ಕೋವಿ, ಎದುರಿಗೆ ಮಾವ, ಹೋಳಿಗೆ ಮೇಲೆ ಸುರಿಯುವ ತುಪ್ಪ, ನಿಲ್ಲುವುದೇ ಇಲ್ಲ. ಅಷ್ಟರಲ್ಲಿ ರೂಢಿ ಕೆಲಸ ಮಾಡಿತು. ಕಣ್ಣು ತಾನೇ ಎರಡು ಬೆರಳು ಬಲಕ್ಕೆ ಸರಿಯಿತು. ಅಲ್ಲಿ ಕನ್ನಡಿ ಇರಲಿಲ್ಲ. ಒಂದು ಒಣ ಮುಳ್ಳಿನ ಕಂಟಿ ಇತ್ತು, ಅದರಾಚೆ ಕೊಡ ಹೊತ್ತ ಸಾಂತವ್ವನ ಕಲ್ಲು ಮುಖ. ಓಬಯ್ಯ ಉಸಿರು ಹಿಡಿದು, ಆ ಕಂಟಿಯನ್ನೇ ನೋಡುತ್ತಾ ಗುಂಡು ಹಾರಿಸಿದ.

ಕನ್ನಡಿ ಚೂರಾಯಿತು, ಜಿಂಕೆ ಬೂದಿಯಾಯಿತು. ಬೆಟ್ಟದ ಮೇಲೆ ಕಾಡಿಗೆರಾಯ ಹೊಗೆಯಾಗಿ ಹೋದ. ಓಬಯ್ಯನ ಕಲ್ಲು ಕಾಲಿಗೆ ಜೀವ ಬಂತು, ಜೋಗಪ್ಪ ರೆಪ್ಪೆ ಬಡಿದ. ಹೆಂಗಸರೆಲ್ಲ ಏನೂ ಆಗದವರ ಹಾಗೆ ಕೊಡ ಹೊತ್ತು ಏರಿ ಹತ್ತಿದರು. ಸಾಂತವ್ವ ಗಂಡನನ್ನು ನೋಡಿ, "ಇಲ್ಲೇನು ಮಾಡ್ತಿದೀರಿ? ಒಲೆ ಹಚ್ಚಿದ್ರಾ?" ಅಂದಳು. ಓಬಯ್ಯನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಅಣ್ಣ, ಕನ್ನಡಿಯೊಳಗೆ ನಿನಗೇನು ಕಾಣಿಸ್ತು?" ಅಂತ ಆಮೇಲೆ ಓಬಯ್ಯ ಕೇಳಿದ.

ಜೋಗಪ್ಪ ನಾಚಿಕೊಂಡ. "ನೀನೇ ಕಾಣಿಸಿದೆ. ನಿನ್ನ ಸೊಟ್ಟ ಕೋವಿ, ನಿನ್ನ ಇದ್ದಿಲ ಬಂಡೆ. ನೀನು ತೊಟ್ಟು ಹಾರಿಸೋದನ್ನ ಕದ್ದು ನೋಡಿ ಎಷ್ಟೋ ದಿನ ನನಗೆ ಊಟ ಸೇರಿರಲಿಲ್ಲ. ಜನ ಹೊಗಳೋದು ನನ್ನ ಕೋವೀನ, ನನ್ನನ್ನಲ್ಲ."

ರಾಜರು ಓಬಯ್ಯನಿಗೂ ಬೆಳ್ಳಿ ಕೋವಿ ಕೊಡಲು ಬಂದರು. ಓಬಯ್ಯ ಕೈಮುಗಿದು ಬೇಡವೆಂದ, ಒಂದು ಮೂಟೆ ಒಳ್ಳೇ ಮದ್ದು ಇಸಕೊಂಡ. ಕಂಚಿನಗಡದಲ್ಲಿ ಮತ್ತೆ ಯಾರೂ ಕಲ್ಲಾಗಲಿಲ್ಲ. ಕೆರೆ ತುಂಬಿತು, ತೊಟ್ಟಿಲು ತೂಗಿದವು, ಎಲ್ಲರೂ ಸುಖವಾಗಿದ್ದರು.

ಮುಂದಿನ ಹಬ್ಬಕ್ಕೆ ಮಾವ ಸೊಟ್ಟ ಕೋವಿಯನ್ನು ಪಡಸಾಲೆಯ ನಡುವೆ ಇಡಿಸಿ, ಓಬಯ್ಯನ ಎಲೆಗೆ ಮೂರು ಚಮಚ ತುಪ್ಪ ಬಡಿಸಿದ. ಜೋಗಪ್ಪನಿಗೆ ಒಂದೇ. ಓಬಯ್ಯ ಪಕ್ಕದ ಎಲೆ ನೋಡಿದ. ಆ ಒಂದು ಚಮಚದ ರುಚಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಹೋಳಿಗೆಯನ್ನು ಎತ್ತಿ ಷಡ್ಡಕನ ಎಲೆಗೆ ಇಟ್ಟ.